ರಿಹಾನಾ ಹಾಡಿಗೆ ಎಲ್ವಿಸ್ ಕ್ರಾಪು: ‘ಸ್ಟ್ರೈಕ್!’ ಆಲ್ಬಮ್ ಬರೀ ಗಿಮಿಕ್ಕಾ?

ಪ್ರಶ್ನೆ: ಸರ್, ದಿ ಬೇಸ್‌ಬಾಲ್ಸ್ ಅನ್ನೋ ಜರ್ಮನ್ ಬ್ಯಾಂಡಿನ ‘ಸ್ಟ್ರೈಕ್!’ ಆಲ್ಬಮ್ ಕೇಳ್ದೆ. ರಿಹಾನಾ, ಬಿಯಾನ್ಸೆ, ಕೇಟಿ ಪೆರಿ ಹಾಡುಗಳನ್ನೆಲ್ಲ ಐವತ್ತರ ದಶಕದ ರಾಕಬಿಲ್ಲಿ ಥರ ಮಾಡಿದಾರೆ. ನಂಗೆ ಭಾಳ ಹಿಡಿಸ್ತು. ಆದ್ರೆ ನಮ್ ಬ್ಯಾಂಡಿನ ಡ್ರಮ್ಮರ್ "ಇದೆಲ್ಲ ಕಾಮಿಡಿ, ಸ್ವಂತ ಹಾಡು ಬರೆಯೋಕೆ ಬರದವರ ಕೆಲಸ" ಅಂತಾನೆ. ಇದು ನಿಜವಾದ ರಾಕಬಿಲ್ಲಿನಾ? ಬೀಟ್ ಫಾಸ್ಟ್ ಮಾಡಿ ಗಿಟಾರ್ ಹಾಕಿದ್ರೆ ಆಗೋಯ್ತಾ? ನಾವೂ ಕನ್ನಡ ಹಾಡುಗಳನ್ನ ಹಿಂಗೆ ಮಾಡ್ಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು, ಯಾರ ಪರ್ಮಿಷನ್ ಆದ್ರೂ ಬೇಕಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲು ನಿಮ್ಮ ಡ್ರಮ್ಮರ್ ವಿಷಯ ಮುಗಿಸೋಣ. ಅವರಿಗೆ ಒಂದು ಕೆಲಸ ಹೇಳಿ, ಎಲ್ವಿಸ್ ಪ್ರೆಸ್ಲಿಯ ಮೊಟ್ಟ ಮೊದಲನೇ ರೆಕಾರ್ಡ್ ಹಾಕಿ ಕೇಳೋಕೆ. 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್‌ನಿಂದ ಬಂದಿದ್ದು, ಒಂದು ಸೈಡಲ್ಲಿ ‘ದಟ್ಸ್ ಆಲ್ ರೈಟ್’, ಇನ್ನೊಂದು ಸೈಡಲ್ಲಿ ‘ಬ್ಲೂ ಮೂನ್ ಆಫ್ ಕೆಂಟಕಿ’. ರಾಕಬಿಲ್ಲಿ, ಅಂದ್ರೆ ಬಿಳಿಯರ ಕಂಟ್ರಿ ಸಂಗೀತಕ್ಕೆ ಕಪ್ಪು ಜನರ ಬ್ಲೂಸ್ ಕಲಸಿದ ಶೈಲಿ, ಶುರುವಾಗಿದ್ದು ಇಲ್ಲಿಂದ ಅಂತ ಬಹುತೇಕ ಎಲ್ರೂ ಒಪ್ತಾರೆ. ಎರಡೂ ಹಾಡು ಕವರ್ರೇ ಕಣ್ರೀ, ಅಂದ್ರೆ ಬೇರೆಯವರ ಹಾಡನ್ನ ಮತ್ತೆ ಹಾಡಿದ್ದು! ಮೊದಲನೇದು ಆರ್ಥರ್ ಕ್ರುಡಪ್ ಅನ್ನೋ ಕಪ್ಪು ಬ್ಲೂಸ್ ಗಾಯಕ 1946ರಲ್ಲಿ ರೆಕಾರ್ಡ್ ಮಾಡಿದ್ದು, ಎರಡನೇದು ಬ್ಲೂಗ್ರಾಸ್ ಸಂಗೀತದ ಪಿತಾಮಹ ಅಂತಾರಲ್ಲ ಬಿಲ್ ಮನ್ರೋ, ಅವರದ್ದು. ಅಂದ್ರೆ ಈ ಶೈಲಿ ಹುಟ್ಟಿದ್ದೇ ಬೇರೆಯವರ ಹಾಡನ್ನ ಬಿಚ್ಚಿ ಮತ್ತೆ ಜೋಡಿಸೋ ಕೆಲಸದಿಂದ. ಕವರ್ ಮಾಡೋರು ಸ್ವಂತ ಹಾಡು ಬರೆಯೋಕೆ ಬರದವರು ಅನ್ನೋ ಮಾತು ಬೇರೆ ಯಾವುದಾದ್ರೂ ಸಂಗೀತಕ್ಕೆ ಹೇಳಿದ್ರೆ ಒಂಚೂರು ವಾದ ಮಾಡಬಹುದಿತ್ತೇನೋ, ರಾಕಬಿಲ್ಲಿಗೆ ಹೇಳೋಕೆ ಬರಲ್ಲ.

ಆ ‘ಬ್ಲೂ ಮೂನ್ ಆಫ್ ಕೆಂಟಕಿ’ ಮೇಲೆ ಸ್ವಲ್ಪ ನಿಲ್ತೀನಿ, ಯಾಕಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮನ್ರೋ ಹಾಡಿದ್ದು ವಾಲ್ಟ್ಸ್, ಮೂರು ಬೀಟಿನದ್ದು, ನಿಧಾನ, ಅಳು ಬರೋ ಥರ. ಎಲ್ವಿಸ್, ಗಿಟಾರಿಸ್ಟ್ ಸ್ಕಾಟಿ ಮೂರ್, ಬೇಸ್ ನುಡಿಸೋ ಬಿಲ್ ಬ್ಲ್ಯಾಕ್ ಮೂರೂ ಜನ ಸೇರಿ ಅದನ್ನ ನಾಲ್ಕು ಬೀಟಿಗೆ ತಿರುಗಿಸಿದ್ರು, ವೇಗ ಏರಿಸಿದ್ರು. ಹಾಡೋ ರೀತಿನೂ ಬದಲಾಯ್ತು, ವಿರಹದ ಹಾಡು ಹೋಗಿ ಕುಣಿಯೋ ಹಾಡಾಯ್ತು. ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಇದೀಗ ಪಾಪ್ ಹಾಡೇ ಆಗೋಯ್ತಲ್ಲಪ್ಪ ಅನ್ನೋ ಅರ್ಥದಲ್ಲಿ ಖುಷಿ ಪಡೋದು ಆ ಸೆಷನ್ನಿನ ಉಳಿದ ಟೇಪಲ್ಲೇ ಕೇಳ್ಸುತ್ತೆ. ಇನ್ನೂ ಮಜಾ ಏನಂದ್ರೆ ಬಿಲ್ ಮನ್ರೋ ಸಿಟ್ಟಾಗಲಿಲ್ಲ, ಅದೇ ವರ್ಷ ತಾನೇ ಆ ಹಾಡನ್ನ ಮತ್ತೆ ರೆಕಾರ್ಡ್ ಮಾಡಿದ, ಮೊದಲರ್ಧ ತನ್ನ ಹಳೇ ವಾಲ್ಟ್ಸ್, ಆಮೇಲೆ ದಡಕ್ಕನೆ ನಾಲ್ಕು ಬೀಟಿಗೆ ಜಿಗಿಯೋದು. ಮೂಲ ಹಾಡಿನೋನೇ ಕವರ್ ಕೇಳಿ ತನ್ನ ಹಾಡು ತಿದ್ದಿಕೊಂಡ ಅಂದ್ಮೇಲೆ ಕವರ್ ಅನ್ನೋದು ಎಂಥ ಶಕ್ತಿ ಅಂತ ನೀವೇ ಹೇಳಿ.

ಹಾಗಾಗಿ ನಾನು ಇಂಥ ಆಲ್ಬಮ್ ಕೇಳುವಾಗ ಇದು ಅಸಲಿಯಾ ನಕಲಿಯಾ ಅಂತ ತಲೆ ಕೆಡಿಸಿಕೊಳ್ಳಲ್ಲ, ಹಾಡಿನ ಒಳಗೆ ಏನು ಕದಲಿದೆ ಅಂತ ನೋಡ್ತೀನಿ. ತಾಳದ ನಡೆ ಬದಲಾಗಿದೆಯಾ, ಸ್ವರ ಹಿಡಿಯೋ ರೀತಿ ಬದಲಾಗಿದೆಯಾ, ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹೋಗಿ ಬರೋ ದಾರಿ ಬದಲಾಗಿದೆಯಾ? ಇದ್ಯಾವುದೂ ಇಲ್ಲದೆ ಬರೀ ಟ್ವಾಂಗ್ ಗಿಟಾರ್ ಸೌಂಡು, ಎಣ್ಣೆ ಹಚ್ಚಿ ಬಾಚಿದ ತಲೆ, ಮೇಲಕ್ಕೆ ಎತ್ತಿದ ಕಾಲರ್ ಅಷ್ಟೇ ಇದ್ರೆ ಅದು ಸ್ಕೂಲ್ ಡೇ ಫ್ಯಾನ್ಸಿ ಡ್ರೆಸ್ಸು, ಚಪ್ಪಾಳೆ ಹೊಡೆದು ಮನೆಗೆ ಹೋಗಬಹುದು.

ಈಗ ‘ಸ್ಟ್ರೈಕ್!’ಗೆ ಬರೋಣ. ಬ್ಯಾಂಡ್ ಶುರುವಾಗಿದ್ದು 2007ರಲ್ಲಿ ಬರ್ಲಿನ್‌ನಲ್ಲಿ, ಆಲ್ಬಮ್ ಬಂದಿದ್ದು 2009ರಲ್ಲಿ. ಸ್ಯಾಮ್, ಡಿಗರ್, ಬಾಸ್ಟಿ ಅನ್ನೋ ಸ್ಟೇಜ್ ಹೆಸರಿನ ಮೂರು ಜನ ಹಾಡೋರು, ಹಿಂದೆ ನುಡಿಸೋಕೆ ಬೇರೆ ತಂಡ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಇದು ಪಕ್ಕಾ ರಾಕಬಿಲ್ಲಿನಾ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತೆ. ಸನ್ ಕಾಲದ ರಾಕಬಿಲ್ಲಿ ಅಂದ್ರೆ ಒಬ್ಬ ಹಾಡೋನು, ಒಂದು ಗಿಟಾರು, ಒಂದು ಬೇಸು, ಎಲ್ವಿಸ್‌ನ ಮೊದಲ ರೆಕಾರ್ಡಲ್ಲಿ ಡ್ರಮ್ಸೇ ಇಲ್ಲ (ಇದನ್ನ ನಿಮ್ಮ ಡ್ರಮ್ಮರ್‌ಗೆ ಹೇಳ್ಬೇಡಿ, ಪಾಪ). ಇಲ್ಲಿ ಮೂರು ದನಿ ಸೇರಿ ಹಾರ್ಮನಿ ಹಾಡೋದು ಇದೆಯಲ್ಲ, ಅದು ರಾಕಬಿಲ್ಲಿಗಿಂತ ಡೂವಾಪ್ ಕಡೆಯದ್ದು, ನ್ಯೂಯಾರ್ಕ್, ಫಿಲಡೆಲ್ಫಿಯಾ ಊರುಗಳ ಬೀದಿ ಮೂಲೇಲಿ ನಿಂತು ಹಾಡ್ತಿದ್ದ ಹುಡುಗರ ಶೈಲಿ. ಬೇಸ್‌ಬಾಲ್ಸ್‌ನವರು ಮಾಡಿರೋದು ಡೂವಾಪ್, ರಾಕ್ ಅಂಡ್ ರೋಲ್, ರಾಕಬಿಲ್ಲಿ ಮೂರನ್ನೂ ಕಲಸಿ, ಮೇಲೆ 2009ರ ಪಾಪ್ ಪ್ರೊಡಕ್ಷನ್ನಿನ ಹೊಳಪು ಕೊಟ್ಟಿರೋದು. ಮಡಿವಂತರಿಗೆ ಆಗಿಬರಲ್ಲ. ನಂಗೆ ಅದರಿಂದ ತೊಂದ್ರೆ ಇಲ್ಲ, ಆದ್ರೆ ಸೌಂಡ್ ಒಂಚೂರು ಜಾಸ್ತಿನೇ ಕ್ಲೀನಾಗಿದೆ ಅನ್ಸುತ್ತೆ, ಎಲ್ಲೋ ಒಂದ್ಕಡೆ ಬೇಸ್ ತಂತಿ ತಪ್ಪಿ ಕಿರ್ ಅಂದಿದ್ರೆ ಚೆನ್ನಾಗಿರ್ತಿತ್ತು.

ಆದ್ರೂ ರಿಹಾನಾಳ ‘ಅಂಬ್ರೆಲಾ’ ಹಾಡಿಗೆ ಇವರು ಮಾಡಿದ ಕವರ್ ಯಾಕೆ ಅಷ್ಟು ಓಡ್ತು? ಆಲ್ಬಮ್ಮು ಫಿನ್‌ಲ್ಯಾಂಡ್ ಚಾರ್ಟಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಆ ಕಡೆ ದೇಶಗಳಲ್ಲಿ ಹಳೇ ಅಮೆರಿಕನ್ ಕಾರು, ಐವತ್ತರ ದಶಕದ ಹೇರ್‌ಸ್ಟೈಲ್, ರಾಕ್ ಅಂಡ್ ರೋಲ್ ಹುಚ್ಚು ಮೊದಲಿಂದ ಇದೆ, ಸ್ವೀಡನ್‌ನಲ್ಲಿ ರಾಗಾರೆ ಅಂತ ಒಂದು ಗುಂಪೇ ಇದೆ, ದೊಡ್ಡ ದೊಡ್ಡ ಅಮೆರಿಕನ್ ಕಾರು ಹಾಕ್ಕೊಂಡು ಊರು ಸುತ್ತೋದೇ ಅವರ ಜೀವನ. ಜರ್ಮನಿಗೂ ನಂಟು ಹೊಸದಲ್ಲ, ಎಲ್ವಿಸ್ ಸೈನ್ಯದಲ್ಲಿದ್ದಾಗ 1958ರಿಂದ 1960ರವರೆಗೆ ಇದ್ದಿದ್ದೇ ಅಲ್ಲಿ, ಫ್ರೀಡ್‌ಬರ್ಗ್‌ನಲ್ಲಿ ಡ್ಯೂಟಿ, ಬಾಟ್ ನೌಹೈಮ್‌ನಲ್ಲಿ ಮನೆ. ಅದೇ ಕಾಲಕ್ಕೆ ಪೀಟರ್ ಕ್ರಾಸ್ ಥರದವರು ಅಮೆರಿಕನ್ ಹಾಡುಗಳನ್ನ ಜರ್ಮನ್‌ನಲ್ಲಿ ಹಾಡಿ ಹೀರೋಗಳಾಗಿದ್ರು. ಹಾಗಾಗಿ ಕೇಳೋ ಜನ ರೆಡಿ ಇದ್ರು ಅನ್ನೋದು ಒಂದು ಕಾರಣ. ನಂಗೆ ಮುಖ್ಯ ಅನ್ಸೋದು ಇನ್ನೊಂದು ಕಾರಣ, ಲೆಕ್ಕದ್ದು.

ರಿಹಾನಾಳ ಮೂಲ ಹಾಡು 2007ರದ್ದು, ಅದರ ಆ ಫೇಮಸ್ ಡ್ರಮ್ ಆಪಲ್‌ನ ಗ್ಯಾರೇಜ್‌ಬ್ಯಾಂಡ್ ಸಾಫ್ಟ್‌ವೇರ್ ಜೊತೆ ಬರೋ ರೆಡಿಮೇಡ್ ಲೂಪು. ವೇಗ ನಿಮಿಷಕ್ಕೆ ಸುಮಾರು 87 ಬೀಟು. ಅದನ್ನ ಎರಡರಿಂದ ಗುಣಿಸಿ, 174. ಒಳ್ಳೆ ಗತ್ತಿನ ರಾಕಬಿಲ್ಲಿ ಹಾಡುಗಳು 160ರಿಂದ 200ರ ಒಳಗೆ ಓಡ್ತವೆ! ಅಂದ್ರೆ ಹಾಡೋನು ಅವಸರ ಪಡಬೇಕಾಗಿಲ್ಲ, ಮಾತುಗಳು ಮೊದಲಿನ ಉದ್ದದಲ್ಲೇ ಇರ್ತವೆ, ಕೆಳಗಡೆ ಬೇಸು ಮಾತ್ರ ಎರಡರಷ್ಟು ಓಡುತ್ತೆ. ನಮ್ಮವರಿಗೆ ಹೇಳೋದಾದ್ರೆ ಸಾಹಿತ್ಯ ಮೊದಲನೇ ಕಾಲದಲ್ಲಿ, ಮೃದಂಗ ಎರಡನೇ ಕಾಲದಲ್ಲಿ. ಎರಡು ಸಾವಿರದ ನಂತರದ ಅಮೆರಿಕನ್ ಆರ್ ಅಂಡ್ ಬಿ ಹಾಡುಗಳಲ್ಲಿ ಎಷ್ಟೋ 80–100ರ ಒಳಗಿನವೇ, ಹಾಗಾಗಿ ಅವು ರಾಕಬಿಲ್ಲಿಗೆ ಹೊಂದೋದು ಬರೀ ಅದೃಷ್ಟ ಅಲ್ಲ. ಜೊತೆಗೆ ಆ ‘ಎಲ್ಲ ಎಲ್ಲ ಏ ಏ’ ಅನ್ನೋ ತುಂಡು ತುಂಡು ಕೂಗು, ಪದದ ಬಾಲ ಹಿಡಿದು ಕುಟ್ಟೋದು, ಅದು ಬಡ್ಡಿ ಹಾಲಿ ಕಾಲದ ಬಿಕ್ಕಳಿಕೆ ಹಾಡುಗಾರಿಕೆಗೆ ಹೇಳಿ ಮಾಡಿಸಿದ ಹಾಗಿದೆ. ಮೂಲ ಹಾಡಲ್ಲೇ ಬೀಜ ಇತ್ತು, ಇವರು ಗುರುತಿಸಿದ್ರು. ಕವರ್ ಮಾಡೋರ ಪ್ರತಿಭೆ ಅಂದ್ರೆ ಅರ್ಧಕ್ಕರ್ಧ ಈ ಗುರುತಿಸೋದೇ.

ಅದೇ ಆಲ್ಬಮ್ಮಲ್ಲಿ ಎಲ್ಲವೂ ಅಷ್ಟು ಗೆದ್ದಿದೆ ಅಂತ ನಾನು ಹೇಳಲ್ಲ. ರಾಕ್ಸೆಟ್‌ನ ‘ದಿ ಲುಕ್’ ಮೊದಲೇ ಗಿಟಾರ್ ರಿಫ್ ಹಾಡು, ಅದನ್ನ ಇಲ್ಲಿಗೆ ತರೋಕೆ ದೂರ ಪ್ರಯಾಣನೇ ಬೇಕಿಲ್ಲ, ಆಚೆ ಬೀದಿಯಿಂದ ಈಚೆ ಬೀದಿಗೆ ಬಂದ ಹಾಗಾಯ್ತು. ‘ಡೋಂಟ್ ಚಾ’ ತಮಾಷೆಯಾಗಿದೆ, ಹುಡುಗೀರ ಗುಂಪು ಗತ್ತಲ್ಲಿ ಹಾಡಿದ್ದನ್ನ ಕ್ರಾಪು ತೀಡಿಕೊಂಡ ಮೂರು ಗಂಡು ಹುಡುಗರು ಹಾಡಿದಾಗ ಅರ್ಥ ತಲೆಕೆಳಗಾಗುತ್ತೆ. ಆದ್ರೆ ಆ ನಗು ಎರಡನೇ ಸಲ ಕೇಳೋಷ್ಟರಲ್ಲಿ ಖಾಲಿ. ‘ಬ್ಲೀಡಿಂಗ್ ಲವ್’ ನಂಗೆ ಇಷ್ಟ, ಕಾರಣ ಇಷ್ಟೇ, ಅದರ ಮಟ್ಟು ಗಟ್ಟಿ ಇದೆ, ಎಲ್ಲ ಬಿಚ್ಚಿ ಬರೀ ಗಿಟಾರಲ್ಲಿ ಹಾಡಿದ್ರೂ ನಿಲ್ಲುತ್ತೆ. ಇದನ್ನೇ ಪರೀಕ್ಷೆ ಅಂತ ಇಟ್ಕೊಳ್ಳಿ. ಪ್ರೊಡಕ್ಷನ್ ಮೇಲೇನೇ ನಿಂತಿರೋ ಹಾಡುಗಳು, ಅಂದ್ರೆ ಸಿಂಥ್ ಸೌಂಡು, ಬೇಸ್ ಡ್ರಾಪು ಇವೇ ಜೀವ ಆಗಿರೋವು, ರಾಕಬಿಲ್ಲಿಗೆ ಬಂದ ತಕ್ಷಣ ಬಡವಾಗ್ತವೆ.

ಇನ್ನೊಂದು ರೀತಿಯ ಕವರ್ ಆಲ್ಬಮ್ಮೂ ಇದೆ, ಹಳೇದನ್ನ ಹಳೇದಾಗಿಯೇ ನುಡಿಸೋದು. ಸ್ಟ್ರೇ ಕ್ಯಾಟ್ಸ್ ಅನ್ನೋ ಅಮೆರಿಕನ್ ರಾಕಬಿಲ್ಲಿ ಬ್ಯಾಂಡಿನ ಬ್ರಯಾನ್ ಸೆಟ್ಜರ್ 2005ರಲ್ಲಿ ಸನ್ ರೆಕಾರ್ಡ್ಸ್ ಹಾಡುಗಳದ್ದೇ ಒಂದು ಇಡೀ ಆಲ್ಬಮ್ ಮಾಡಿದ. ಕೈಚಳಕ ಅಂದ್ರೆ ಅದು, ಗಿಟಾರ್ ಕಲಿಯೋರು ಅದನ್ನ ಪಾಠದ ಥರ ಕೇಳ್ಬೇಕು, ಆದ್ರೆ ಅಲ್ಲಿ ಆಶ್ಚರ್ಯ ಕಮ್ಮಿ. ನಂಗೆ ಇವೆರಡರ ನಡುವಿನ ದಾರಿ ಅಂದ್ರೆ ವಾಂಡಾ ಜಾಕ್ಸನ್ 2011ರಲ್ಲಿ ಜ್ಯಾಕ್ ವೈಟ್ ಜೊತೆ ಮಾಡಿದ ‘ದಿ ಪಾರ್ಟಿ ಏಂಟ್ ಓವರ್’. ಐವತ್ತರ ದಶಕದ ರಾಕಬಿಲ್ಲಿ ರಾಣಿ ಆಕೆ, ಎಪ್ಪತ್ತು ದಾಟಿದ ಮೇಲೆ ಆಮಿ ವೈನ್‌ಹೌಸ್‌ನ ‘ಯೂ ನೋ ಐ ಆ್ಯಮ್ ನೋ ಗುಡ್’ ಹಾಡಿದಾಳೆ. ಚಿಕ್ಕ ಹುಡುಗಿಯ ತಪ್ಪೊಪ್ಪಿಗೆಯನ್ನ ಅಜ್ಜಿ ಹಾಡಿದ್ರೆ ಹೆಂಗಿರುತ್ತೆ? ಅಲ್ಲಿ ಶೈಲಿ ಬದಲಾಗಿದ್ದು ಮಾತ್ರ ಅಲ್ಲ, ಹಾಡಿನ ವಯಸ್ಸೇ ಬದಲಾಯ್ತು. ಈ ವಾರ ಅದನ್ನ ಕೇಳಿ, ಆಮೇಲೆ ಜಾನಿ ಬರ್ನೆಟ್ ಟ್ರಯೋದ 1956ರ ‘ಟ್ರೈನ್ ಕೆಪ್ಟ್ ಎ ರೋಲಿನ್’ ಕೇಳಿ. ಮೂಲ 1951ರ ಟೈನಿ ಬ್ರ್ಯಾಡ್‌ಶಾ ಹಾಡು, ಸ್ಯಾಕ್ಸೊಫೋನ್ ತುಂಬಿದ ಜಂಪ್ ಬ್ಲೂಸು. ಬರ್ನೆಟ್ ತಂಡ ಸ್ಯಾಕ್ಸ್ ಎಲ್ಲ ಎಸೆದು ಹರಿದ ದನಿಯ ಗಿಟಾರ್ ಇಟ್ರು, ಆಮೇಲೆ ಯಾರ್ಡ್‌ಬರ್ಡ್ಸ್, ಏರೋಸ್ಮಿತ್ ಥರದ ರಾಕ್ ಬ್ಯಾಂಡುಗಳೆಲ್ಲ ಹಿಡ್ಕೊಂಡಿದ್ದು ಈ ರೂಪನ್ನೇ.

ಸರಿ, ಮಾಡೋದು ಹೆಂಗೆ ಅಂತ ಕೇಳಿದೀರಿ. ಶುರು ಬೇಸಿಂದ. ರಾಕಬಿಲ್ಲಿಯ ಆ ಟಕ ಟಕ ಸದ್ದು ಡ್ರಮ್ಮಿಂದ ಬರೋದಲ್ಲ, ನಿಲ್ಲಿಸಿ ನುಡಿಸೋ ದೊಡ್ಡ ಡಬಲ್ ಬೇಸಿಂದ. ತಂತಿಯನ್ನ ಹೊರಕ್ಕೆ ಎಳೆದು ಬಿಟ್ರೆ ಅದು ವಾಪಸ್ ಬಂದು ಫಿಂಗರ್‌ಬೋರ್ಡಿಗೆ ಚಟ್ ಅಂತ ಬಡಿಯುತ್ತೆ, ಆಮೇಲೆ ಅಂಗೈಯಲ್ಲಿ ಬೋರ್ಡಿಗೇ ಒಂದು ಏಟು. ಹಿಂಗೆ ಒಬ್ಬನೇ ಸ್ವರನೂ ಕೊಡ್ತಾನೆ, ತಾಳನೂ ಕೊಡ್ತಾನೆ. ಡಬಲ್ ಬೇಸ್ ನಮ್ಮಲ್ಲಿ ಹುಡುಕಿದ್ರೂ ಸಿಗೋದು ಕಷ್ಟ, ಸಿಕ್ಕಿದ್ರೂ ನುಡಿಸೋರು ಸಿಗಲ್ಲ. ಎಲೆಕ್ಟ್ರಿಕ್ ಬೇಸ್ ಇದ್ರೆ ಬ್ರಿಡ್ಜ್ ಹತ್ರ ತಂತಿ ಕೆಳಗೆ ಒಂದು ಫೋಮ್ ತುಂಡು ತುರುಕಿ, ಫ್ಲ್ಯಾಟ್‌ವೌಂಡ್ (ಮೇಲ್ಮೈ ನುಣುಪಾಗಿರೋ) ತಂತಿ ಹಾಕಿ, ಸ್ವರ ಬೇಗ ಸಾಯೋ ಥರ ಮಾಡ್ಕೊಳ್ಳಿ. ಚಟ್ ಸದ್ದನ್ನ ಡ್ರಮ್ಮರ್ ಸ್ನೇರ್ (ಚಟಪಟ ಸದ್ದಿನ ಚಿಕ್ಕ ಡ್ರಮ್) ಅಂಚಲ್ಲಿ ಕೊಡಲಿ. ಇಲ್ಲಾಂದ್ರೆ ಜಾನಿ ಕ್ಯಾಶ್ ಮಾಡಿದ್ದನ್ನ ಮಾಡಿ, ಶುರುವಲ್ಲಿ ಅವನ ಬ್ಯಾಂಡಲ್ಲಿ ಡ್ರಮ್ಮರ್ ಇರಲಿಲ್ಲ, ಗಿಟಾರ್ ತಂತಿಗಳ ಮಧ್ಯೆ ಕಾಗದ ಸಿಕ್ಕಿಸಿ ಬಾರಿಸ್ತಿದ್ದ, ಚಿಕ ಚಿಕ ಅಂತ ಸ್ನೇರ್ ಥರಾನೇ ಕೇಳ್ಸುತ್ತೆ. ಖರ್ಚು ಸೊನ್ನೆ.

ಡ್ರಮ್ಸ್ ಇಟ್ಕೊಳ್ಳೋದಾದ್ರೆ ಕಮ್ಮಿ ಇಟ್ಕೊಳ್ಳಿ. ಸ್ಟ್ರೇ ಕ್ಯಾಟ್ಸ್‌ನ ಸ್ಲಿಮ್ ಜಿಮ್ ಫ್ಯಾಂಟಮ್ ನಿಂತ್ಕೊಂಡು ನುಡಿಸ್ತಾನೆ, ಒಂದು ಬೇಸ್ ಡ್ರಮ್, ಒಂದು ಸ್ನೇರ್, ಒಂದೆರಡು ಸಿಂಬಲ್, ಮುಗೀತು. ನಿಮ್ಮ ಡ್ರಮ್ಮರ್ ಟಾಮ್ ಟಾಮ್ ಅಂತ ರೋಲ್ ಹೊಡೆಯೋ ಪೈಕಿ ಆಗಿದ್ರೆ (ಅವರ ಮಾತು ಕೇಳಿದ್ರೆ ಹಂಗೇ ಅನ್ಸುತ್ತೆ) ಅರ್ಧ ಕಿಟ್ ಮನೇಲೇ ಬಿಟ್ಟು ಬರೋಕೆ ಹೇಳಿ.

ಶಫಲ್ ಅಂತಾರಲ್ಲ, ಆ ಕುಂಟು ನಡಿಗೆ, ಇದು ನಮ್ಮವರಿಗೆ ಕಷ್ಟ ಆಗ್ಬಾರ್ದು. ಒಂದು ಬೀಟನ್ನ ತಿಶ್ರ ನಡೆಯಲ್ಲಿ ತ ಕಿ ಟ ಅಂತ ಮೂರು ಪಾಲು ಮಾಡಿ, ಮಧ್ಯದ ‘ಕಿ’ ನುಂಗಿ, ‘ತ’ ಮತ್ತು ‘ಟ’ ಮಾತ್ರ ಬಾರಿಸಿ, ಅಷ್ಟೇ ಶಫಲ್. ಕೊನ್ನಕೋಲು (ಬಾಯಲ್ಲಿ ತಾಳದ ಸೊಲ್ಲು ಹೇಳೋದು) ಗೊತ್ತಿರೋ ಒಬ್ಬರು ಬ್ಯಾಂಡಲ್ಲಿದ್ರೆ ಒಂದೇ ಸಂಜೆ ಎಲ್ರಿಗೂ ಹತ್ತುತ್ತೆ. ಆದ್ರೆ ಎಚ್ಚರ, ವೇಗ ಜಾಸ್ತಿ ಆದಷ್ಟೂ ಈ ಕುಂಟು ಕಮ್ಮಿ ಆಗ್ತಾ ಬರಬೇಕು, 190ರ ಹತ್ರ ಹೋದಾಗ ಬಹುತೇಕ ನೇರ ನಡೆನೇ. ಹೊಸಬರು ಎಡವೋದು ಇಲ್ಲೇ, ಫಾಸ್ಟ್ ಹಾಡಿಗೂ ಪೂರ್ತಿ ತಿಶ್ರ ಹಿಡಿದು ಕುದುರೆ ಓಟದ ಥರ ಮಾಡಿಬಿಡ್ತಾರೆ.

ಎಕೋ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಸ್ಯಾಮ್ ಫಿಲಿಪ್ಸ್ ಎರಡು ಆ್ಯಂಪೆಕ್ಸ್ ಟೇಪ್ ಮಷೀನ್ ಇಟ್ಕೊಂಡು, ಒಂದರಲ್ಲಿ ರೆಕಾರ್ಡ್ ಆದ ಸದ್ದು ಕ್ಷಣ ತಡವಾಗಿ ಇನ್ನೊಂದಕ್ಕೆ ಸೇರೋ ಹಾಗೆ ಮಾಡ್ತಿದ್ದ. ಟೇಪು ರೆಕಾರ್ಡ್ ಹೆಡ್ ದಾಟಿ ಪ್ಲೇಬ್ಯಾಕ್ ಹೆಡ್‌ಗೆ ಬರೋಷ್ಟು ಹೊತ್ತೇ ಆ ತಡ. ಸೆಕೆಂಡಿಗೆ 15 ಇಂಚು ಓಡೋ ಟೇಪು, ಎರಡು ಹೆಡ್ ಮಧ್ಯೆ ಎರಡು ಇಂಚು ಅಂತ ಇಟ್ಕೊಂಡ್ರೆ 133 ಮಿಲಿಸೆಕೆಂಡ್ ಆಗುತ್ತೆ. ಈಗ ಮೇಲಿನ 174 ಬೀಟಿನ ಲೆಕ್ಕಕ್ಕೆ ಹೋಗಿ, ಒಂದು ಬೀಟಿಗೆ ಸುಮಾರು 345 ಮಿಲಿಸೆಕೆಂಡ್, ಅದರ ಮೂರನೇ ಒಂದು ಪಾಲು 115. ಅಂದ್ರೆ ಎಕೋ ಬಂದು ಬೀಳೋದು ಆ ನುಂಗಿದ ‘ಕಿ’ ಇರೋ ಜಾಗದ ಆಸುಪಾಸು! ಯಾರೂ ಬಾರಿಸದೇ ಇರೋ ಜಾಗಾನ ಎಕೋ ತುಂಬುತ್ತೆ, ಅದಕ್ಕೇ ಮೂರೇ ಜನ ನುಡಿಸಿದ್ರೂ ಸದ್ದು ತುಂಬಿಕೊಂಡ ಹಾಗೆ ಅನ್ಸೋದು. ನಿಮ್ಮ ಸಾಫ್ಟ್‌ವೇರಲ್ಲಿ ಡಿಲೇ 110ರಿಂದ 140ರ ಒಳಗೆ ಇಡಿ, ಫೀಡ್‌ಬ್ಯಾಕ್ ಪೂರ್ತಿ ಕೆಳಗೆ, ಒಂದೇ ಒಂದು ಸಲ ವಾಪಸ್ ಬರಬೇಕು. ಎರಡು ಮೂರು ಸಲ ಬಂದ್ರೆ ಗುಹೇಲಿ ಕೂಗಿದ ಹಾಗಾಗುತ್ತೆ.

ಗಿಟಾರಿಗೆ ಹೆಚ್ಚು ಹೇಳಲ್ಲ. ಹೆಬ್ಬೆರಳಲ್ಲಿ ಬೇಸ್ ತಂತಿ ಮೇಲೆ ಕೆಳಗೆ ಆಡಿಸ್ತಾ ಉಳಿದ ಬೆರಳಲ್ಲಿ ಮಟ್ಟು ನುಡಿಸೋ ಮರ್ಲ್ ಟ್ರಾವಿಸ್, ಚೆಟ್ ಆ್ಯಟ್ಕಿನ್ಸ್ ಶೈಲಿ ಕಲೀರಿ, ಸ್ಕಾಟಿ ಮೂರ್ ಕಲಿತಿದ್ದು ಅವರಿಂದಲೇ. ಗ್ರೆಚ್ ಗಿಟಾರೇ ಬೇಕು ಅಂತ ಸಾಲ ಮಾಡ್ಬೇಡಿ, ‘ದಟ್ಸ್ ಆಲ್ ರೈಟ್’ನಲ್ಲಿ ಸ್ಕಾಟಿ ಕೈಲಿದ್ದಿದ್ದು ಗಿಬ್ಸನ್.

ಕಾರ್ಡ್ ಕೆಲಸ ಮಾತ್ರ ಯಾರೂ ಮಾಡಲ್ಲ, ಅದಕ್ಕೇ ಎಷ್ಟೋ ಕವರ್‌ಗಳು ಅರೆಬೆಂದಿರ್ತವೆ. ಇವತ್ತಿನ ಪಾಪ್ ಹಾಡು ನಾಲ್ಕು ಕಾರ್ಡಿನ ಚಕ್ರ, ಸುತ್ತಿದ್ದೇ ಸುತ್ತೋದು, ಎಲ್ಲೂ ನಿಲ್ಲಲ್ಲ, ಮನೆ ಸೇರಲ್ಲ. ರಾಕಬಿಲ್ಲಿಗೆ ಮನೆ ಸೇರೋದು ಬೇಕು, ಒಂದನೇ ಕಾರ್ಡಿಂದ (ಷಡ್ಜದ ಮೇಲಿನದ್ದು) ಹೊರಟು ನಾಲ್ಕಕ್ಕೆ (ಮಧ್ಯಮದ್ದು) ಹೋಗಿ ಐದಕ್ಕೆ (ಪಂಚಮದ್ದು) ಹತ್ತಿ ದಢಾರಂತ ವಾಪಸ್ ಒಂದಕ್ಕೆ. ಹಾಗಾಗಿ ಪಲ್ಲವಿ ಕೊನೆ ಸಾಲಲ್ಲಾದ್ರೂ ಚಕ್ರ ಮುರಿದು ಐದನೇ ಕಾರ್ಡ್ ತುರುಕಿ, ಎರಡು ಬಾರ್, ಅಂದ್ರೆ ಎಂಟು ಬೀಟು, ಎಲ್ರೂ ಬಾಯಿ ಮುಚ್ಚಿ ಹಾಡೋನೊಬ್ಬನೇ ಹಾಡಲಿ, ಆಮೇಲೆ ಎಲ್ಲ ಒಟ್ಟಿಗೆ ಬೀಳಿ.

ಕನ್ನಡ ಹಾಡು ಆರಿಸೋದಕ್ಕೆ ನನ್ನ ಸಲಹೆ, ಮೊದಲು ರಾಗ ನೋಡಿ. ಮೋಹನದ ಛಾಯೆ ಇರೋ ಹಾಡಾದ್ರೆ ಅರ್ಧ ಗೆದ್ದ ಹಾಗೆ, ಯಾಕಂದ್ರೆ ಮೋಹನದ ಐದು ಸ್ವರಗಳೇ ಕಂಟ್ರಿ ಗಿಟಾರಿಸ್ಟುಗಳ ಅನ್ನ ಸಾರು, ಅವರು ಮೇಜರ್ ಪೆಂಟಾಟಾನಿಕ್ ಅಂತಾರೆ. ಅದರಲ್ಲಿ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಒಂದು ಜಾರು ಹಾಕಿ, ಬ್ಲೂಸ್ ಬಂತು. ಮೋಹನ ಹಾಡೋ ವಿದ್ವಾಂಸರು ಕೇಳಿದ್ರೆ ಬೈತಾರೆ, ಕಛೇರಿ ಅಲ್ಲವಲ್ಲ, ಬೈಸಿಕೊಳ್ಳಿ. ಹರಿಕಾಂಭೋಜಿ ಕುಟುಂಬದ್ದೂ ಒಗ್ಗುತ್ತೆ, ಆ ಕೈಶಿಕಿ ನಿಷಾದ ಇದೆಯಲ್ಲ ಅದು ಸೆವೆಂತ್ ಕಾರ್ಡ್ ಜೊತೆ ಚೆನ್ನಾಗಿ ಕೂರುತ್ತೆ. ತೋಡಿ, ಶುಭಪಂತುವರಾಳಿ ಥರದ ಮಟ್ಟು ಇದ್ರೆ ಕೈ ಹಾಕ್ಬೇಡಿ, ಗಮಕದಲ್ಲೇ ಬದುಕಿರೋ ಹಾಡನ್ನ ಮೂರು ಕಾರ್ಡಿಗೆ ಕಟ್ಟಿದ್ರೆ ಎರಡೂ ಕೆಡುತ್ತೆ. ಭಾವಗೀತೆಗಳಲ್ಲಿ ದಾದ್ರಾ ತಾಳದ್ದು ಬೇಕಾದಷ್ಟಿದೆ, ಅವನ್ನ ಬಿಟ್ಟುಬಿಡಬೇಕಾ ಅಂದ್ರೆ ಬೇಡ, ಬಿಲ್ ಮನ್ರೋ ವಾಲ್ಟ್ಸ್‌ಗೆ ಎಲ್ವಿಸ್ ಮಾಡಿದ್ದೇ ಮಾಡಿ. ಮೂರು ಮಾತ್ರೆಯ ಗುಂಪಲ್ಲಿ ಮೊದಲ ಅಕ್ಷರ ಎಳೆದು ನಾಲ್ಕು ಮಾಡಿ, ಅಥವಾ ಕೊನೆಗೆ ಒಂದು ಮಾತ್ರೆ ಖಾಲಿ ಬಿಟ್ಟು ಅಲ್ಲಿ ಗಿಟಾರ್ ಮಾತಾಡಲಿ.

ಹಾಡೋ ರೀತಿಲಿ ಕನ್ನಡಕ್ಕೆ ಒಂದು ಲಾಭ ಇದೆ. ನಮ್ಮ ಒತ್ತಕ್ಷರಗಳು, ಹತ್ತಿ, ಬಿಟ್ಟು, ಸುತ್ತಿ ಅನ್ನೋವು, ಹುಟ್ಟಾ ತಾಳವಾದ್ಯಗಳು. ಆ ಒತ್ತು ಎರಡನೇ ಮತ್ತೆ ನಾಲ್ಕನೇ ಬೀಟ್ ಮೇಲೆ ಬೀಳೋ ಹಾಗೆ ಸಾಲನ್ನ ಜರುಗಿಸಿ ನೋಡಿ, ಸ್ನೇರ್ ಜೊತೆ ಸೇರಿ ಹೊಡೆಯುತ್ತೆ. ದೀರ್ಘ ಸ್ವರ ಬಂದಾಗ ಗಂಟಲಲ್ಲಿ ಚೂರು ತಡೆದು ಎರಡು ತುಂಡು ಮಾಡಿ ಹಾಡಿ, ಅದೇ ಆ ಬಿಕ್ಕಳಿಕೆ. ಆದ್ರೆ ಪ್ರತಿ ಸಾಲಲ್ಲೂ ಮಾಡ್ಬೇಡಿ ದಯವಿಟ್ಟು, ಪಲ್ಲವಿಗೊಂದು ಸಾಕು, ಇಲ್ಲಾಂದ್ರೆ ಕೇಳೋರು ನೀರು ತಂದುಕೊಡ್ತಾರೆ. ಇನ್ನೊಂದು, ಅಮೆರಿಕನ್ ಥರ ನಾಲಿಗೆ ಹೊರಳಿಸಿ ಕನ್ನಡ ಹಾಡ್ಬೇಡಿ. ಧಾರವಾಡ ಕಡೆಯ ಮಾತಿನ ಗತ್ತೇ ನಿಮಗೆ ಸಾಕಾಗುವಷ್ಟಿದೆ.

ಇನ್ನು ಪರ್ಮಿಷನ್. ಇದನ್ನ ಹಗುರವಾಗಿ ತಗೋಬೇಡಿ, ಯಾಕಂದ್ರೆ ಕವರ್ ಹಾಡಿನ ಇತಿಹಾಸದಲ್ಲಿ ದುಡ್ಡಿನ ಕಥೆ ಚೆನ್ನಾಗಿಲ್ಲ. ಮೊದಲು ಹೇಳಿದೆನಲ್ಲ ಆರ್ಥರ್ ಕ್ರುಡಪ್, ಅವನ ಹಾಡಿಂದ ಎಲ್ವಿಸ್ ಬದುಕು ಶುರುವಾಯ್ತು. ಕ್ರುಡಪ್‌ಗೆ ಸಲ್ಲಬೇಕಾದ ರಾಯಲ್ಟಿ ಸರಿಯಾಗಿ ಸಿಗಲೇ ಇಲ್ಲ, ಕೂಲಿ ನಾಲಿ ಮಾಡ್ಕೊಂಡೇ ಬದುಕಿ 1974ರಲ್ಲಿ ತೀರಿಕೊಂಡ. ಪ್ಯಾಟ್ ಬೂನ್ ಅನ್ನೋ ಬಿಳಿ ಗಾಯಕ ಲಿಟಲ್ ರಿಚರ್ಡ್ ಹಾಡನ್ನ ಸಪ್ಪೆ ಮಾಡಿ ಹಾಡಿದ್ದು ಪಾಪ್ ಚಾರ್ಟಲ್ಲಿ ಮೂಲಕ್ಕಿಂತ ಮೇಲೆ ಹೋಯ್ತು. ರಾಕಬಿಲ್ಲಿ ಇಷ್ಟಪಡೋರು ಇದನ್ನೂ ಗೊತ್ತಿಟ್ಕೊಂಡು ಇಷ್ಟಪಡಬೇಕು.

ಕಾನೂನು ಹಿಂಗಿದೆ. ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಬಿಡುಗಡೆ ಆದ್ರೆ ನಿಗದಿತ ರಾಯಲ್ಟಿ ಕಟ್ಟಿ ಯಾರು ಬೇಕಾದ್ರೂ ಕವರ್ ಮಾಡಬಹುದು, ನಿಮ್ಮ ಶೈಲಿಗೆ ಹೊಂದಿಸಿಕೊಳ್ಳೋಕೂ ಅವಕಾಶ ಇದೆ, ಮೂಲ ಮಟ್ಟು ಮತ್ತು ಹಾಡಿನ ಮೂಲ ಗುಣ ಬದಲಾಗಬಾರದು ಅಷ್ಟೇ. ಭಾರತದಲ್ಲಿ ಬೇರೆ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಸೆಕ್ಷನ್ ಪ್ರಕಾರ, ಮೂಲ ಹಾಡಿನ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೀಬೇಕು, ಮೊದಲೇ ನೋಟಿಸ್ ಕೊಡಬೇಕು, ಕಾಪಿ ಮಾಡೋ ಪ್ರತಿ ವರ್ಷ ಒಂದೊಂದು ಹಾಡಿಗೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮುಂಗಡವಾಗಿ ಕಟ್ಟಬೇಕು, ಆಲ್ಬಮ್ಮಿನ ಹೊದಿಕೆ ಮೇಲೆ ಇದು ಕವರ್ ವರ್ಷನ್ ಅಂತ ಬರೀಬೇಕು. ಅದಕ್ಕಿಂತ ದೊಡ್ಡದು, ತಾಂತ್ರಿಕವಾಗಿ ಅನಿವಾರ್ಯ ಅಲ್ಲದ ಬದಲಾವಣೆಯನ್ನ ಸಾಹಿತ್ಯದಲ್ಲಾಗ್ಲಿ ಸಂಗೀತದಲ್ಲಾಗ್ಲಿ ಒಪ್ಪಿಗೆ ಇಲ್ಲದೆ ಮಾಡೋ ಹಾಗಿಲ್ಲ. ವಾಲ್ಟ್ಸ್ ಹಾಡನ್ನ ನಾಲ್ಕು ಬೀಟಿಗೆ ತಿರುಗಿಸೋದು ತಾಂತ್ರಿಕ ಅನಿವಾರ್ಯ ಅಂತ ಯಾವ ಜಡ್ಜ್ ಎದುರೂ ವಾದ ಮಾಡೋಕಾಗಲ್ಲ. ಅಂದ್ರೆ ರಾಕಬಿಲ್ಲಿ ಥರ ಹಾಡಿನ ಮೂಳೆಗೇ ಕೈ ಹಾಕೋ ಕೆಲಸಕ್ಕೆ ಈ ದಾರಿ ಉಪಯೋಗಕ್ಕೆ ಬರಲ್ಲ, ಹಕ್ಕುದಾರರಿಂದ ನೇರ ಒಪ್ಪಿಗೆನೇ ಬೇಕು.

ಸಿನಿಮಾ ಹಾಡಾದ್ರೆ ಹಕ್ಕು ಬಹುತೇಕ ಆಡಿಯೋ ಕಂಪನಿ ಹತ್ರ ಇರುತ್ತೆ, ಭಾವಗೀತೆ ಆದ್ರೆ ಕವಿಯ ಕುಟುಂಬ ಒಂದು ಕಡೆ, ರಾಗ ಹಾಕಿದವರು ಇನ್ನೊಂದು ಕಡೆ, ಇಬ್ಬರನ್ನೂ ಕೇಳ್ಬೇಕು. ಜಾನಪದ ಹಾಡಿಗೆ ಈ ತಲೆನೋವು ಕಮ್ಮಿ, ಆದ್ರೆ ‘ಜಾನಪದ’ ಅಂತ ಓಡಾಡ್ತಿರೋ ಎಷ್ಟೋ ಹಾಡಿಗೆ ಬರೆದವರು ಇದಾರೆ, ಬದುಕಿದಾರೆ, ಹುಡುಕಿ ನೋಡಿ. ಯೂಟ್ಯೂಬಿಗೆ ಸುಮ್ನೆ ಹಾಕಿಬಿಡ್ತೀವಿ ಅಂದ್ರೆ ಅಲ್ಲಿನ ಆಟೊಮ್ಯಾಟಿಕ್ ವ್ಯವಸ್ಥೆ ಮಟ್ಟು ಗುರುತಿಸಿ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಕೊಡಬಹುದು, ವಿಡಿಯೋನೇ ತೆಗೆಸಲೂಬಹುದು. ಅದು ಪರ್ಮಿಷನ್ ಸಿಕ್ಕ ಹಾಗಲ್ಲ.

ನನ್ನ ಕೇಳಿದ್ರೆ ಆಲ್ಬಮ್ ಅಂತ ಹೊರಡಬೇಡಿ ಈಗ್ಲೇ. ಎರಡು ಹಾಡು ಆರಿಸಿ, ಒಂದು ಮೋಹನದ್ದು, ಒಂದು ದಾದ್ರಾದ್ದು, ಮೊಬೈಲಲ್ಲೇ ಆದ್ರೂ ಸರಿ ಡೆಮೊ ಮಾಡಿ, ಒಪ್ಪಿಗೆ ಕೇಳೋ ಇಮೇಲ್ ಜೊತೆ ಅದನ್ನೇ ಕಳ್ಸಿ. "ರಾಕಬಿಲ್ಲಿ ಶೈಲಿ" ಅಂತ ಬರೀ ಮಾತಲ್ಲಿ ಬರೆದ್ರೆ ಓದೋರಿಗೆ ತಲೆಬುಡ ಗೊತ್ತಾಗಲ್ಲ, ಗೊತ್ತಾಗದೇ ಇರೋದಕ್ಕೆ ಬೇಡ ಅನ್ನೋದು ಸುಲಭ. ಕೇಳಿಸಿದ್ರೆ ಒಂದು ಅವಕಾಶ ಇರುತ್ತೆ. ಎಲ್ಲೆಲ್ಲಿ ಹಾಕ್ತೀರಿ, ದುಡ್ಡು ಬಂದ್ರೆ ಅವರ ಪಾಲೆಷ್ಟು, ಸಾಹಿತ್ಯದಲ್ಲಿ ಏನಾದ್ರೂ ಬದಲಿಸಿದೀರಾ ಅನ್ನೋದನ್ನ ಅದೇ ಇಮೇಲಲ್ಲಿ ಬರೀರಿ, ಒಪ್ಪಿಗೆ ಬಂದ್ರೆ ಬರವಣಿಗೇಲೇ ತಗೊಳ್ಳಿ, ಫೋನಲ್ಲಿ ಹೂಂ ಅಂದಿದ್ದು ಲೆಕ್ಕಕ್ಕಿಲ್ಲ.